ಡಬ್ಲಿನ್‌ಗೆ ಹೋದ್ರೆ ಏನು ತಿನ್ನೋದು? ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಆಫೀಸ್ ಕೆಲಸಕ್ಕೆ ಡಬ್ಲಿನ್‌ಗೆ ಹೋಗ್ತಿದೀನಿ, ವೀಕೆಂಡ್ ಮಾತ್ರ ಫ್ರೀ. ಒಂದೇ ಒಂದು ಹಳೇ ಕಾಲದ ಐರಿಷ್ ಊಟ ಮಾಡೋದಾದ್ರೆ ಯಾವ್ದು ಮಾಡ್ಲಿ? ಎಲ್ರೂ ಐರಿಷ್ ಸ್ಟ್ಯೂ ಅಂತಿದಾರೆ.

ಉತ್ತರ: ಸ್ಟ್ಯೂ ಇಡೀ ಐರ್ಲೆಂಡಿಂದು, ಯಾವ ಊರಿಗೆ ಹೋದ್ರೂ ಸಿಗತ್ತೆ. ಡಬ್ಲಿನ್‌ದೇ ಅಂತ ಇರೋದು ಕಾಡಲ್, ನೀವು ಹಂದಿ ಮಾಂಸ ತಿನ್ನೋರಾದ್ರೆ ಕಣ್ಣುಮುಚ್ಚಿ ಅದನ್ನೇ ತಗೊಳಿ. ಹಂದಿ ಸಾಸೇಜು, ರ‍್ಯಾಷರ್ ಅಂತ ಅವರು ಕರೆಯೋ ಬೇಕನ್ ಹೋಳು, ಈರುಳ್ಳಿ, ಆಲೂಗಡ್ಡೆ, ಕಾಳುಮೆಣಸು, ಪಾರ್ಸ್ಲಿ ಇಷ್ಟೇ, ಎಲ್ಲಾನೂ ಒಂದೇ ಪಾತ್ರೆಗೆ ಹಾಕಿ ನೀರಲ್ಲಿ ಸಣ್ಣ ಉರಿ ಮೇಲೆ ಬಿಡ್ತಾರೆ. ಸಾಸೇಜನ್ನ ಮೊದಲು ಹುರಿಯೋದೇ ಇಲ್ಲ, ಹಂಗಾಗಿ ಬಟ್ಟಲಲ್ಲಿ ಬಂದಾಗ ಬೆಳ್ಳಗೆ, ತೆಳ್ಳಗೆ ಕಾಣತ್ತೆ, ಫೋಟೋದಲ್ಲಿ ನೋಡಿದ ಎಷ್ಟೋ ಜನ ಅಲ್ಲೇ ಬೇಡ ಅಂದುಬಿಡ್ತಾರೆ. ಹಂಗ್ ಮಾಡ್ಬೇಡಿ. ಬೇಕನ್ನಿನ ಉಪ್ಪು ನಿಧಾನಕ್ಕೆ ಆ ನೀರಿಗೆ ಇಳಿದು, ಆಲೂಗಡ್ಡೆ ಅದನ್ನೆಲ್ಲಾ ಕುಡಿದು, ಕೊನೆಗೆ ಉಳಿಯೋ ರಸಕ್ಕೆ ಬ್ರೆಡ್ ಅದ್ದಿಕೊಂಡು ತಿಂದಾಗಲೇ ಅದರ ರುಚಿ ಗೊತ್ತಾಗೋದು.

ಇದು ಗುರುವಾರದ ಅಡುಗೆ ಆಗಿತ್ತು. ಕ್ಯಾಥೊಲಿಕ್ ಮನೆಗಳಲ್ಲಿ ಶುಕ್ರವಾರ ಮಾಂಸ ತಿನ್ನೋ ಹಾಗಿರ್ಲಿಲ್ಲ, ಅದಕ್ಕೆ ಮನೇಲಿ ಉಳಿದ ಸಾಸೇಜು, ಬೇಕನ್ನು ಎಲ್ಲಾನೂ ಹಿಂದಿನ ದಿನವೇ ಖಾಲಿ ಮಾಡ್ತಿದ್ರು. ಬಡವರ ಮನೆ ಊಟ, ಹಂಗಾಗಿ ದೊಡ್ಡ ರೆಸ್ಟೋರೆಂಟ್ ಮೆನುಗಳಲ್ಲಿ ಹುಡುಕಬೇಕಾಗತ್ತೆ. ನಾನು ಹೇಳೋ ಜಾಗ ಗ್ಲಾಸ್‌ನೆವಿನ್‌ನಲ್ಲಿರೋ ಜಾನ್ ಕ್ಯಾವನಾ ಪಬ್, ಊರವರು ಅದನ್ನ ಗ್ರೇವ್‌ಡಿಗರ್ಸ್, ಅಂದ್ರೆ ಗೋರಿ ತೋಡೋರು, ಅಂತಾರೆ, ಯಾಕಂದ್ರೆ ಅದು ಗ್ಲಾಸ್‌ನೆವಿನ್ ಸ್ಮಶಾನದ ಗೋಡೆಗೆ ಅಂಟಿಕೊಂಡೇ ಇದೆ. ಸ್ಮಶಾನ ಶುರುವಾಗಿದ್ದು 1832ರಲ್ಲಿ, ಪಬ್ಬು 1833ರಲ್ಲಿ, ಈಗಲೂ ಅದೇ ಕುಟುಂಬ ನಡೆಸ್ತಿದೆ. ಟೀವಿ ಇಲ್ಲ, ಮ್ಯೂಸಿಕ್ ಇಲ್ಲ, ಜನ ಕೂತು ಮಾತಾಡ್ತಾರೆ ಅಷ್ಟೇ. ಪಕ್ಕದಲ್ಲೇ ಬೊಟಾನಿಕ್ ಗಾರ್ಡನ್ ಇದೆ, ಪ್ರವೇಶಕ್ಕೆ ದುಡ್ಡಿಲ್ಲ, ಬೆಳಿಗ್ಗೆ ಅಲ್ಲಿ ಸುತ್ತಾಡಿ ಹಸಿವು ಮಾಡ್ಕೊಂಡು ಹೋಗಿ. ಅಡುಗೆಮನೆ ಯಾವ ಹೊತ್ತಲ್ಲಿ ತೆಗೆದಿರತ್ತೆ ಅಂತ ಮೊದಲೇ ಫೋನ್ ಮಾಡಿ ಕೇಳ್ಕೊಂಡ್ರೆ ಒಳ್ಳೇದು.

ಪ್ರಶ್ನೆ: ಹಂಗಾದ್ರೆ ಐರಿಷ್ ಸ್ಟ್ಯೂ ಬಿಟ್ಟುಬಿಡೋದಾ? ನಾವು ಬೀಫ್ ತಿನ್ನಲ್ಲ, ಅದರಲ್ಲಿ ಏನಿರತ್ತೆ?

ಉತ್ತರ: ಬಿಡ್ಬೇಡಿ, ನಿಮಗೆ ಕಾಡಲ್‌ಗಿಂತ ಇದೇ ಸರಿ. ಅಸಲಿ ಐರಿಷ್ ಸ್ಟ್ಯೂ ಕುರಿ ಮಾಂಸದ್ದು. ಹಿಂದೆ ಕುರೀನ ಉಣ್ಣೆಗೆ, ಹಾಲಿಗೆ ಅಂತ ಸಾಕ್ತಿದ್ರು, ವಯಸ್ಸಾದ ಮೇಲೇ ಅದು ಅಡುಗೆಗೆ ಬರ್ತಿತ್ತು, ಆ ಗಟ್ಟಿ ಮಾಂಸ ಮೆತ್ತಗಾಗ್ಬೇಕು ಅಂದ್ರೆ ಗಂಟೆಗಟ್ಟಲೆ ಬೇಯಿಸದೆ ಬೇರೆ ದಾರಿ ಇರ್ಲಿಲ್ಲ. ಈಗ ಹೆಚ್ಚಾಗಿ ಎಳೇ ಕುರಿ ಹಾಕ್ತಾರೆ. ಆಲೂಗಡ್ಡೆ, ಈರುಳ್ಳಿ ಇದ್ದೇ ಇರತ್ತೆ, ಕ್ಯಾರೆಟ್ ಹಾಕ್ಬೇಕೋ ಬೇಡ್ವೋ ಅನ್ನೋದಕ್ಕೆ ಅಲ್ಲಿಯವರು ಇವತ್ತಿಗೂ ಜಗಳ ಆಡ್ತಾರೆ.

ಒಂದು ವಿಷಯ ಮಾತ್ರ ಹುಷಾರು. ಅದೇ ಮೆನುಲಿ ಬೀಫ್ ಅಂಡ್ ಗಿನ್ನೆಸ್ ಸ್ಟ್ಯೂ ಅಂತ ಇನ್ನೊಂದಿರತ್ತೆ, ಕಪ್ಪಗೆ ದಪ್ಪ ಗ್ರೇವಿ, ಅದು ದನದ ಮಾಂಸ ಮತ್ತು ಗಿನ್ನೆಸ್ ಬಿಯರ್ ಎರಡೂ ಇರೋದು. ಬರೀ ಸ್ಟ್ಯೂ ಅಂತ ಆರ್ಡರ್ ಮಾಡಿದ್ರೆ ಯಾವ್ದು ಬರತ್ತೋ ಹೇಳಕ್ಕಾಗಲ್ಲ, ಲ್ಯಾಂಬ್ ತಾನೇ ಅಂತ ಬಾಯಿಬಿಟ್ಟು ಕೇಳಿ.

ಪ್ರಶ್ನೆ: ನಾವು ಅಪ್ಪಟ ಸಸ್ಯಾಹಾರಿಗಳು, ಮಗಳ ಗ್ರಾಜುಯೇಷನ್‌ಗೆ ಹೋಗ್ತಿದೀವಿ. ಐರಿಷ್ ಅಂತ ಹೇಳ್ಕೊಳ್ಳೋಕೆ ನಮಗೇನಾದ್ರೂ ಸಿಗತ್ತಾ, ಅಥವಾ ಬರೀ ಚಿಪ್ಸಾ?

ಉತ್ತರ: ಚಿಪ್ಸ್ ಬಗ್ಗೆನೇ ಮೊದಲು ಹೇಳ್ತೀನಿ, ಯಾಕಂದ್ರೆ ಅಲ್ಲೇ ಎಡವೋದು. ಕೆಲವು ಚಿಪ್ಪರ್‌ಗಳಲ್ಲಿ, ಅಂದ್ರೆ ಫಿಶ್ ಅಂಡ್ ಚಿಪ್ಸ್ ಅಂಗಡಿಗಳಲ್ಲಿ, ದನದ ಕೊಬ್ಬಲ್ಲಿ ಕರಿಯೋ ಪದ್ಧತಿ ಇದೆ, ಎಣ್ಣೆ ಯಾವ್ದು ಅಂತ ಕೇಳದೆ ತಗೋಬೇಡಿ. ಆಮೇಲೆ ವೈಟ್ ಪುಡ್ಡಿಂಗ್, ಹೆಸರು ಕೇಳಿದ್ರೆ ಸಿಹಿ ತಿಂಡಿ ಅನ್ಸತ್ತೆ, ಆದ್ರೆ ಅದು ಹಂದಿ ಮಾಂಸ, ಓಟ್ಸ್ ಸೇರಿಸಿ ಮಾಡಿದ ಸಾಸೇಜು. ಎಲೆಕೋಸನ್ನ ಬೇಕನ್ ಬೇಯಿಸಿದ ನೀರಲ್ಲೇ ಬೇಯಿಸೋದು ಹಳೇ ರೂಢಿ. ವೆಜಿಟೆಬಲ್ ಸೂಪ್ ಅಂದ್ರೂ ಸ್ಟಾಕ್ ಚಿಕನ್‌ದಾ ಅಂತ ಕೇಳ್ಬೇಕು. ಅಲ್ಲಿನ ಹೋಟೆಲ್‌ಗಳು 14 ಬಗೆಯ ಅಲರ್ಜಿ ಪದಾರ್ಥಗಳನ್ನ ಬರೆದೇ ತೋರಿಸ್ಬೇಕು ಅಂತ ಕಾನೂನಿದೆ, ಹಾಲು, ಮೊಟ್ಟೆ, ಮೀನು ಎಲ್ಲಾ ಅದರಲ್ಲಿ ಬರತ್ತೆ, ಮಾಂಸ ಬರಲ್ಲ, ಹಂಗಾಗಿ ಆ ಪಟ್ಟಿ ನೋಡಿ ಸಮಾಧಾನ ಮಾಡ್ಕೊಳ್ಳೋಕಾಗಲ್ಲ.

ಈಗ ಸಿಗೋದು ಹೇಳ್ತೀನಿ, ಬೇಕಾದಷ್ಟಿದೆ. ಕೋಲ್‌ಕ್ಯಾನನ್ ಅಂದ್ರೆ ಬೇಯಿಸಿ ಮ್ಯಾಶ್ ಮಾಡಿದ ಆಲೂಗಡ್ಡೆಗೆ ಕೇಲ್ ಸೊಪ್ಪೋ ಎಲೆಕೋಸೋ ಸೇರಿಸಿ, ಮಧ್ಯದಲ್ಲಿ ಗುಳಿ ಮಾಡಿ ಬೆಣ್ಣೆ ಕರಗಿಸಿರ್ತಾರೆ, ಬೇಕನ್ ಚೂರು ಬೇಡ ಅಂತ ಹೇಳಿ. ಸೊಪ್ಪಿನ ಬದಲು ಈರುಳ್ಳಿ ಸೊಪ್ಪು ಹಾಕಿದ್ರೆ ಚಾಂಪ್, ಅದು ಉತ್ತರದ ಕಡೆ ಜಾಸ್ತಿ. ಬಾಕ್ಸ್ಟಿ ಅಂತ ಇನ್ನೊಂದಿದೆ, ಹಸಿ ಆಲೂಗಡ್ಡೆ ತುರಿ, ಬೇಯಿಸಿದ ಆಲೂಗಡ್ಡೆ, ಮೈದಾ, ಮಜ್ಜಿಗೆ ಕಲಸಿ ದಪ್ಪ ದೋಸೆ ಥರ ಹುಯ್ತಾರೆ, ಲೀಟ್ರಿಮ್, ಕ್ಯಾವನ್ ಕಡೆಯ ತಿಂಡಿ, ಡಬ್ಲಿನ್‌ನಲ್ಲಿ ಟೆಂಪಲ್ ಬಾರ್ ಏರಿಯಾದ ಗ್ಯಾಲಹರ್ಸ್ ಬಾಕ್ಸ್ಟಿ ಹೌಸ್ ಇದಕ್ಕೇ ಹೆಸರುವಾಸಿ. ವಿಕ್ಲೋ ಸ್ಟ್ರೀಟಲ್ಲಿ ಕಾರ್ನುಕೋಪಿಯಾ ಅಂತ 1986ರಿಂದ ಇರೋ ಸಸ್ಯಾಹಾರಿ ರೆಸ್ಟೋರೆಂಟ್ ಇದೆ, ಅಲ್ಲಿ ಪ್ರತಿಯೊಂದನ್ನೂ ವಿಚಾರಿಸೋ ತಲೆನೋವಿಲ್ಲದೆ ಊಟ ಮಾಡ್ಬೋದು.

ಆದ್ರೆ ಸಸ್ಯಾಹಾರಿಗಳಿಗೆ ಐರ್ಲೆಂಡಿನ ನಿಜವಾದ ರುಚಿ ಏನು ಅಂದ್ರೆ ನಾನು ಸೋಡಾ ಬ್ರೆಡ್ ಮತ್ತು ಬೆಣ್ಣೆ ಅಂತೀನಿ. ಅಲ್ಲಿನ ಹವಾಗೆ ಬೆಳೆಯೋ ಗೋಧಿ ಮೆದು, ಗ್ಲೂಟನ್ ಕಮ್ಮಿ, ಯೀಸ್ಟ್ ಹಾಕಿದ್ರೆ ಸರಿಯಾಗಿ ಉಬ್ಬಲ್ಲ. 19ನೇ ಶತಮಾನದ ಮೊದಲ ಭಾಗದಲ್ಲಿ ಅಡುಗೆ ಸೋಡಾ ಬಂದಾಗ ಜನ ಅದನ್ನ ಹುಳಿ ಮಜ್ಜಿಗೆ ಜೊತೆ ಸೇರಿಸಿದ್ರು, ಎರಡೂ ಸೇರಿದ ಕೂಡ್ಲೇ ಗ್ಯಾಸ್ ಹುಟ್ಟಿ ಹಿಟ್ಟು ಎದ್ದುಬಿಡತ್ತೆ, ನಾದೋದೂ ಬೇಡ, ಕಾಯೋದೂ ಬೇಡ, ಓವನ್ ಇಲ್ಲದ ಮನೆಯಲ್ಲೂ ಕಬ್ಬಿಣದ ಪಾತ್ರೆಯ ಮುಚ್ಚಳದ ಮೇಲೆ ಕೆಂಡ ಹರಡಿ ಸುಡ್ತಿದ್ರು. ಅದರ ಮೇಲೆ ಹಚ್ಚೋ ಬೆಣ್ಣೆ ಹಳದಿ, ಯಾಕಂದ್ರೆ ಆ ದೇಶದ ಹಸುಗಳು ವರ್ಷದ ಹೆಚ್ಚಿನ ಕಾಲ ಹೊರಗಡೆ ಹಸಿ ಹುಲ್ಲನ್ನೇ ಮೇಯ್ತಾವೆ. ಜೊತೆಗೆ ಕ್ಯಾಶೆಲ್ ಬ್ಲೂ ಥರದ ಐರಿಷ್ ಚೀಸ್ ಒಂದು ಚೂರು ಇದ್ರೆ ಸಾಕು. ಕಟ್ಟಾ ಸಸ್ಯಾಹಾರಿಗಳಾಗಿದ್ರೆ ಆ ಚೀಸಿಗೆ ಯಾವ ರೆನೆಟ್ (ಹಾಲು ಗಟ್ಟಿಯಾಗೋಕೆ ಹಾಕೋ ಪದಾರ್ಥ, ಕೆಲವು ಕರುವಿನ ಹೊಟ್ಟೆಯಿಂದ ತೆಗೆದದ್ದಿರತ್ತೆ) ಹಾಕಿದಾರೆ ಅಂತ ಅದನ್ನೂ ಅಂಗಡಿಯಲ್ಲಿ ಕೇಳಿ.

ಪ್ರಶ್ನೆ: ಎಲ್ಲಾ ಊಟದಲ್ಲೂ ಆಲೂಗಡ್ಡೆ ಯಾಕೆ? ಬೇಜಾರಾಗಲ್ವಾ ಅವರಿಗೆ?

ಉತ್ತರ: ಬೇಜಾರಾಗೋ ಮಾತೇ ಇಲ್ಲ, ಅದು ಅವರ ಜೀವ ಉಳಿಸಿದ ಬೆಳೆ, ಜೀವ ತೆಗೆದ ಬೆಳೆನೂ ಅದೇ. ಜಮೀನಿಲ್ಲದ ಬಡವರಿಗೆ ಒಂದು ತುಂಡು ಗೇಣಿ ನೆಲದಲ್ಲಿ ಇಡೀ ಸಂಸಾರ ಸಾಕೋಕೆ ಆಗ್ತಿದ್ದಿದ್ದು ಆಲೂಗಡ್ಡೆಯಿಂದ ಮಾತ್ರ, ಆಲೂಗಡ್ಡೆ ಮತ್ತು ಮಜ್ಜಿಗೆ, ಮೂರು ಹೊತ್ತೂ ಅಷ್ಟೇ. 1845ರಲ್ಲಿ ಅಂಗಮಾರಿ ರೋಗ ಬಂದು ಬೆಳೆ ನೆಲದಲ್ಲೇ ಕೊಳೀತು, ಮುಂದಿನ ವರ್ಷಗಳಲ್ಲಿ ಸುಮಾರು 10 ಲಕ್ಷ ಜನ ಹಸಿವು, ರೋಗದಿಂದ ಸತ್ರು, ಇನ್ನೂ 10 ಲಕ್ಷಕ್ಕಿಂತ ಹೆಚ್ಚು ಜನ ಹಡಗು ಹತ್ತಿ ದೇಶ ಬಿಟ್ರು. ಅಷ್ಟಾದ್ರೂ ಆಗಲೇ ಧಾನ್ಯ, ಬೆಣ್ಣೆ ಐರ್ಲೆಂಡಿಂದ ಹೊರಗೆ ಸಾಗ್ತಾನೇ ಇತ್ತು. ಲಿಫಿ ನದಿ ದಂಡೆಯ ಕಸ್ಟಮ್ ಹೌಸ್ ಹತ್ತಿರ ಬಡಕಲು ದೇಹದ ಕಂಚಿನ ಪ್ರತಿಮೆಗಳು ಬಂದರಿನ ಕಡೆ ನಡೀತಿರೋ ಹಾಗೆ ನಿಲ್ಲಿಸಿದಾರೆ, ಊಟದ ಬಗ್ಗೆ ಆಸಕ್ತಿ ಇರೋರು ಅದನ್ನ ನೋಡಲೇಬೇಕು ಅಂತ ನನ್ನ ಅಭಿಪ್ರಾಯ. ತಿನ್ನೋಕೆ ಸಿಕ್ಕಿದ್ರೆ ಕೆರ್ಸ್ ಪಿಂಕ್ ಅನ್ನೋ ತಳಿ ಕೇಳಿ, ಬೇಯಿಸಿದ್ರೆ ಸಿಪ್ಪೆ ಬಿರಿದು ಒಳಗೆ ಹಿಟ್ಟುಹಿಟ್ಟಾಗಿರತ್ತೆ.

ಪ್ರಶ್ನೆ: ಮೀನು ಎಲ್ಲಿ ಚೆನ್ನಾಗಿರತ್ತೆ?

ಉತ್ತರ: ಸಿಟಿಯಿಂದ ಡಾರ್ಟ್ ಟ್ರೈನ್ ಹತ್ತಿ ಹೌತ್‌ಗೆ ಹೋಗಿ, ಅರ್ಧ ಗಂಟೆ ದಾರಿ, ಸ್ಟೇಷನ್ನಿಂದ ಇಳಿದ್ರೆ ಬಂದರು ಎದುರಿಗೇ. ವೆಸ್ಟ್ ಪಿಯರ್ ಉದ್ದಕ್ಕೂ ಮೀನಂಗಡಿ, ರೆಸ್ಟೋರೆಂಟ್ ಇವೆ. ಅಲ್ಲಿ ಸೀಫುಡ್ ಚೌಡರ್ ತಗೊಳಿ, ಹೊಗೆ ಹಾಕಿದ ಮೀನು, ಸಾಲ್ಮನ್, ಮಸಲ್ಸ್ ಅನ್ನೋ ಚಿಪ್ಪುಮೀನು, ಆಲೂಗಡ್ಡೆ, ಕ್ರೀಮ್ ಹಾಕಿದ ಗಟ್ಟಿ ಸೂಪು, ಜೊತೆಗೆ ಬ್ರೌನ್ ಬ್ರೆಡ್, ಗಾಳಿ ಬೀಸ್ತಿರೋ ಚಳಿಗೆ ಅದೇ ಪೂರ್ತಿ ಊಟ ಆಗತ್ತೆ. ಡಬ್ಲಿನ್ ಬೇ ಪ್ರಾನ್ಸ್ ಅಂತ ಬೋರ್ಡ್ ಕಂಡ್ರೆ ಅದು ನಾವಂದ್ಕೊಳ್ಳೋ ಸಿಗಡಿ ಅಲ್ಲ, ಉದ್ದ ಕೊಂಡಿ ಇರೋ ಸಣ್ಣ ಲಾಬ್‌ಸ್ಟರ್ ಜಾತಿ, ಬೆಲೆ ಜಾಸ್ತಿ, ಆದ್ರೂ ಬೆಳ್ಳುಳ್ಳಿ ಬೆಣ್ಣೇಲಿ ಹುರಿದದ್ದು ಒಮ್ಮೆ ತಿನ್ನಿ. ಸಿಟಿ ಒಳಗೇ ಬೇಕು ಅಂದ್ರೆ ವರ್ಬರ್ಗ್ ಸ್ಟ್ರೀಟಿನ ಲಿಯೋ ಬರ್ಡಾಕ್, 1913ರ ಚಿಪ್ಪರ್, ಉಪ್ಪು, ವಿನಿಗರ್ ಹಾಕಿಸ್ಕೊಂಡು ಕ್ರೈಸ್ಟ್ ಚರ್ಚ್ ಕಡೆ ನಡೀತಾ ತಿನ್ಬೋದು.

ಪ್ರಶ್ನೆ: ಕಾರ್ನ್ಡ್ ಬೀಫ್ ಅಂಡ್ ಕ್ಯಾಬೇಜ್ ತಾನೇ ಐರ್ಲೆಂಡಿನ ರಾಷ್ಟ್ರೀಯ ಊಟ?

ಉತ್ತರ: ಅದು ಅಮೆರಿಕಕ್ಕೆ ವಲಸೆ ಹೋದ ಐರಿಷರದ್ದು, ಅಲ್ಲಿ ಉಪ್ಪು ಹಾಕಿದ ಬೀಫ್ ಅಗ್ಗಕ್ಕೆ ಸಿಗ್ತಿತ್ತು. ಊರಲ್ಲಿರೋರು ತಿನ್ನೋದು ಬೇಕನ್ ಅಂಡ್ ಕ್ಯಾಬೇಜ್, ಮೇಲೆ ಪಾರ್ಸ್ಲಿ ಹಾಕಿದ ಬಿಳಿ ಸಾಸ್.

ಪ್ರಶ್ನೆ: ಮಕ್ಕಳನ್ನ ಕರ್ಕೊಂಡು ಪಬ್‌ಗೆ ಹೋಗ್ಬೋದಾ? ಖರ್ಚು ಕಮ್ಮಿ ಮಾಡೋ ದಾರಿ ಇದ್ರೆ ಅದನ್ನೂ ಹೇಳಿ.

ಉತ್ತರ: ಹೋಗ್ಬೋದು, ಮಧ್ಯಾಹ್ನ ಪಬ್ ಅಂದ್ರೆ ಅಲ್ಲಿ ಊಟದ ಮನೆನೇ, ಅಜ್ಜಿ ಮೊಮ್ಮಕ್ಕಳು ಎಲ್ಲಾ ಕೂತಿರ್ತಾರೆ, ಕುಡೀಲೇಬೇಕು ಅಂತ ಯಾರೂ ಅನ್ನಲ್ಲ. ರಾತ್ರಿ 9 ಗಂಟೆ ಆದ್ಮೇಲೆ ಮಕ್ಕಳು ಇರೋ ಹಾಗಿಲ್ಲ, ಮೇಯಿಂದ ಸೆಪ್ಟೆಂಬರ್ ತನಕ 10. ಹೆಚ್ಚಿನ ಪಬ್ ಕಿಚನ್‌ಗಳೂ ಅದಕ್ಕಿಂತ ಮುಂಚೆನೇ ಮುಚ್ತಾವೆ. ಖರ್ಚಿನ ವಿಷಯಕ್ಕೆ ಬಂದ್ರೆ ಮಧ್ಯಾಹ್ನದ ಕಾರ್ವರಿ ಲಂಚ್ ನೋಡಿ, ಕೌಂಟರಲ್ಲಿ ನಿಂತು ಮಾಂಸ, ತರಕಾರಿ, ಎರಡು ಥರ ಆಲೂಗಡ್ಡೆ ತಟ್ಟೆ ತುಂಬಾ ಹಾಕಿಸ್ಕೊಳ್ಳೋದು, ಸಂಜೆಗೆ ಹಸಿವೇ ಇರಲ್ಲ. ರೆಸ್ಟೋರೆಂಟ್‌ಗಳಲ್ಲಿ ಸಂಜೆ ಬೇಗ ಹೋದ್ರೆ ಅರ್ಲಿ ಬರ್ಡ್ ಮೆನು ಇರತ್ತೆ. ನಲ್ಲಿ ನೀರು ಕೇಳಿ, ಬಾಟಲ್ ಬೇಡ. ಟಿಪ್ಸು 10 ರಿಂದ 12 ಪರ್ಸೆಂಟು, ಬಿಲ್ಲಲ್ಲಿ ಸರ್ವಿಸ್ ಚಾರ್ಜ್ ಮೊದಲೇ ಹಾಕಿದಾರಾ ನೋಡ್ಕೊಂಡು ಕೊಡಿ. ಟೆಂಪಲ್ ಬಾರ್ ಬೀದೀಲಿ ರಾತ್ರಿ ಊಟ ಮಾತ್ರ ನಾನು ರೆಕಮೆಂಡ್ ಮಾಡಲ್ಲ, ಅದೇ ತಟ್ಟೆ ಎರಡು ಬೀದಿ ಆಚೆ ಕಮ್ಮಿಗೆ ಸಿಗತ್ತೆ.

ಪ್ರಶ್ನೆ: ಅಕ್ಟೋಬರ್ ಕೊನೆ ವಾರ ಅಲ್ಲಿರ್ತೀವಿ. ಸಿಹಿ ಏನಾದ್ರೂ?

ಉತ್ತರ: ಒಳ್ಳೇ ಟೈಮಿಗೇ ಹೋಗ್ತಿದೀರ. ಹ್ಯಾಲೋವೀನ್ ಹಬ್ಬ ಹುಟ್ಟಿದ್ದೇ ಆ ಕಡೆಯ ‘ಸಾವಿನ್’ (Samhain) ಅನ್ನೋ ಹಳೇ ಸುಗ್ಗಿ ಹಬ್ಬದಿಂದ, ಆ ವಾರ ಪ್ರತಿ ಬೇಕರಿ, ಸೂಪರ್‌ಮಾರ್ಕೆಟಲ್ಲೂ ಬಾರ್ಮ್‌ಬ್ರ್ಯಾಕ್ ಇರತ್ತೆ. ಚಹಾದಲ್ಲಿ ನೆನೆಸಿದ ಒಣದ್ರಾಕ್ಷಿ ಹಾಕಿದ ಬ್ರೆಡ್ಡು, ಜಾಸ್ತಿ ಸಿಹಿ ಇಲ್ಲ, ಟೋಸ್ಟ್ ಮಾಡಿ ಬೆಣ್ಣೆ ಹಚ್ಚಿ ಗಟ್ಟಿ ಚಹಾ ಜೊತೆ ತಿಂತಾರೆ. ಒಳಗೆ ಒಂದು ಉಂಗುರ ಅಡಗಿಸಿಟ್ಟಿರ್ತಾರೆ, ಯಾರ ಹೋಳಲ್ಲಿ ಬರತ್ತೋ ಅವರಿಗೆ ವರ್ಷದೊಳಗೆ ಮದುವೆ ಅಂತ ನಂಬಿಕೆ. ಚಹಾ ಕುಡಿಯೋಕೆ ಗ್ರಾಫ್ಟನ್ ಸ್ಟ್ರೀಟಿನ ಬ್ಯೂಲೀಸ್‌ಗೆ ಹೋಗಿ, 1927ರ ಕೆಫೆ, ಹ್ಯಾರಿ ಕ್ಲಾರ್ಕ್ ಮಾಡಿದ ಬಣ್ಣದ ಗಾಜಿನ ಕಿಟಕಿಗಳಿವೆ, ಆ ಕಿಟಕಿಗಳ ಪಕ್ಕ ಸೀಟ್ ಬೇಕಂದ್ರೆ ಬೆಳಿಗ್ಗೆನೇ ಹೋಗ್ಬೇಕು. ಬ್ರ್ಯಾಕ್ ಪೂರ್ತಿ ಕೊಂಡು ರೂಮಿಗೆ ತಂದ್ರೆ, ಚಿಕ್ಕ ಮಕ್ಕಳಿದ್ರೆ ಮೊದಲು ನೀವೇ ಹೋಳು ಮಾಡಿ ಉಂಗುರ ಎಲ್ಲಿದೆ ನೋಡ್ಕೊಂಡು ಆಮೇಲೆ ಕೊಡಿ.