ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ) ಹಣ ಎಲ್ಲಿಗೆ ಹೋಗಬೇಕೆಂಬುದನ್ನು ಮ್ಯಾನೇಜರನ ಸ್ವಂತ ಒಲವು ತೀರ್ಮಾನಿಸುತ್ತದೆಯೇ?

ಬಹಳಷ್ಟು ಮಟ್ಟಿಗೆ ಹೌದು. ಎಷ್ಟು ಖರ್ಚು ಮಾಡಬೇಕೆಂಬುದನ್ನು ಕಾನೂನು ಹೇಳುತ್ತದೆ: 2013ರ ಕಂಪನಿ ಕಾಯ್ದೆಯ 135ನೇ ಕಲಂ ಪ್ರಕಾರ ಹಿಂದಿನ ವರ್ಷ 5 ಕೋಟಿ ರೂ. ನಿವ್ವಳ ಲಾಭ, 1,000 ಕೋಟಿ ವಹಿವಾಟು ಅಥವಾ 500 ಕೋಟಿ ನಿವ್ವಳ ಮೌಲ್ಯ, ಇವುಗಳಲ್ಲಿ ಒಂದನ್ನು ಮುಟ್ಟಿದರೂ ಕಂಪನಿ ಹಿಂದಿನ 3 ವರ್ಷಗಳ ಸರಾಸರಿ ಲಾಭದ ಶೇ 2ರಷ್ಟನ್ನು ಖರ್ಚು ಮಾಡಬೇಕು. ಮಂಜೂರಾತಿ ನಿರ್ದೇಶಕ ಮಂಡಳಿಯದು. ಆದರೆ ಮಂಡಳಿಯ ಮೇಜಿಗೆ ಯಾವ ಪ್ರಸ್ತಾವ ಹೋಗಬೇಕೆಂದು ಸೋಸುವವನು ಮ್ಯಾನೇಜರ್. ಒಲವು ನುಸುಳುವುದು ಅಲ್ಲೇ.

ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆ ಎಂದುಕೊಳ್ಳಿ. ಮ್ಯಾನೇಜರ್‌ಗೆ ಶಾಲೆಗಳೆಂದರೆ ಜೀವ. ಗದಗ ಜಿಲ್ಲೆಯ ಫ್ಲೋರೈಡ್ ನೀರಿನ ಊರೊಂದರ ಶಾಲೆಗೆ ನೀರು ಶುದ್ಧೀಕರಿಸುವ ಆರ್‌ಒ ಘಟಕ ಕೊಡಿಸುತ್ತಾನೆ. ರಿಬ್ಬನ್ ಕತ್ತರಿಸಿ ಫೋಟೊ ಆಯಿತು. ಆತ ವರ್ಗವಾಗುತ್ತಾನೆ, ಘಟಕದಲ್ಲಿ ನೀರು ಸೋಸುವ ಪೊರೆ, ಅಂದರೆ ಮೆಂಬ್ರೇನ್, ಕಟ್ಟಿಕೊಳ್ಳುತ್ತದೆ, ಬದಲಿಸಲು ದುಡ್ಡಿಲ್ಲ, ಮಕ್ಕಳು ಮತ್ತೆ ಬೋರ್‌ವೆಲ್ ನೀರಿಗೆ. ಒಲವು ತಪ್ಪಲ್ಲ, ಬರೀ ಒಲವಿನ ಮೇಲೆ ನಿಂತದ್ದು ತಪ್ಪು.

ಹಾಗಾಗಿ ಇದನ್ನು ಬಹುವರ್ಷದ ಯೋಜನೆಯೆಂದೇ ಮಂಡಳಿಯಲ್ಲಿ ಮಂಜೂರು ಮಾಡಿಸಿ: ಶುರುವಾದ ವರ್ಷ ಬಿಟ್ಟು ಇನ್ನೂ 3 ವರ್ಷ ನಡೆಸಬಹುದು. ಮೆಂಬ್ರೇನ್, ಫಿಲ್ಟರ್, ಆಪರೇಟರ್ ಸಂಬಳ ಮೊದಲ ಬಜೆಟ್‌ನಲ್ಲೇ ಬರಲಿ. ಉಳಿದ ಹಣವನ್ನು ಮಾರ್ಚ್ ಮುಗಿದ 30 ದಿನದೊಳಗೆ ಪ್ರತ್ಯೇಕ ಬ್ಯಾಂಕ್ ಖಾತೆಗೆ ಹಾಕಬೇಕು. ಘಟಕ ಕಂಪನಿಯ ಹೆಸರಲ್ಲಿ ಇರುವಂತಿಲ್ಲ, ಗ್ರಾಮ ಪಂಚಾಯ್ತಿಗೆ ಬರವಣಿಗೆಯಲ್ಲಿ ಒಪ್ಪಿಸಿ.

ಇನ್ನು ಮ್ಯಾನೇಜರನ ಮಗ ಆಡುವ ಕ್ರಿಕೆಟ್ ತಂಡಕ್ಕೆ ಜೆರ್ಸಿ ಕೊಟ್ಟು ಎದೆ ಮೇಲೆ ಕಂಪನಿ ಲೋಗೊ ಹಾಕಿಸುವುದು? ಅದು ಪ್ರಚಾರದ ಪ್ರಾಯೋಜಕತ್ವ, ಸಿಎಸ್‌ಆರ್ ಲೆಕ್ಕಕ್ಕೆ ಬರುವುದಿಲ್ಲ.