ಕಾರಿನ ಎಂಜಿನ್ ಪೂರ್ತಿ ಕೆಟ್ಟಿದೆ. ರೀಬಿಲ್ಟ್, ರೀಮ್ಯಾನುಫ್ಯಾಕ್ಚರ್ಡ್, ಸೆಕೆಂಡ್ ಹ್ಯಾಂಡ್: ಇವುಗಳಲ್ಲಿ ಯಾವುದು ಒಳ್ಳೆಯದು?

ಈ ಮೂರು ಹೆಸರುಗಳನ್ನು ನಾನೂ ಒಂದು ಕಾಲಕ್ಕೆ ಹೀಗೆಯೇ ತೂಗಿ ನೋಡುತ್ತಿದ್ದೆ. ನನ್ನ ಡೀಸೆಲ್ ಕಾರಿನ ಎಂಜಿನ್ನಿನಲ್ಲಿ, ಪಿಸ್ಟನ್ನನ್ನು ತಿರುಗುವ ಕ್ರ್ಯಾಂಕ್‌ಶಾಫ್ಟ್ ದಂಡಕ್ಕೆ ಜೋಡಿಸುವ ಕನೆಕ್ಟಿಂಗ್ ರಾಡಿನ ಬೇರಿಂಗ್ ಕಿತ್ತುಹೋಗಿ, ಬಸಿದ ಆಯಿಲಿನಲ್ಲಿ ಲೋಹದ ಪುಡಿ ಮಿನುಗುತ್ತಿತ್ತು. ಸಾಕಷ್ಟು ವಿಚಾರಿಸಿ ರೀಮ್ಯಾನುಫ್ಯಾಕ್ಚರ್ಡ್ ಲಾಂಗ್ ಬ್ಲಾಕ್ ಒಂದನ್ನು ಕೊಂಡೆ. ಆಯ್ಕೆ ಸರಿಯಾಗಿಯೇ ಇತ್ತು. ಆದರೂ ವಾರಂಟಿಯ ಅವಧಿ ಮುಗಿಯುವ ಮೊದಲೇ ಆ ಎಂಜಿನ್ ಕೂಡ ಹಳೆಯದರಂತೆಯೇ ಬಡಿಯತೊಡಗಿತು. ಆದ್ದರಿಂದ ನಿಮ್ಮ ಪ್ರಶ್ನೆಯೇ ತಪ್ಪು ಜಾಗದಿಂದ ಆರಂಭವಾಗಿದೆ ಎಂದು ನನಗನ್ನಿಸುತ್ತದೆ. ಹಳೆಯ ಎಂಜಿನ್ ಏಕೆ ಕೆಟ್ಟಿತು, ಅದರ ಯಾವ ಯಾವ ಭಾಗ ಹೊಸದಕ್ಕೆ ದಾಟಿಬರಲಿದೆ ಎಂಬುದನ್ನು ಮೊದಲು ಕೇಳಿಕೊಳ್ಳಿ.

ಲಾಂಗ್ ಬ್ಲಾಕ್ ಎಂದರೆ ಸಿಲಿಂಡರ್ ಬ್ಲಾಕ್, ಕ್ರ್ಯಾಂಕ್‌ಶಾಫ್ಟ್, ರಾಡ್ ಮತ್ತು ಪಿಸ್ಟನ್‌ಗಳ ಜೊತೆಗೆ ಸಿಲಿಂಡರ್‌ಗಳ ಮೇಲೆ ಕೂರುವ ಹೆಡ್, ಕ್ಯಾಮ್‌ಶಾಫ್ಟ್, ವಾಲ್ವ್‌ಗಳೂ ಜೋಡಣೆಯಾಗಿ ಬರುವ ಎಂಜಿನ್. ಹೆಡ್ ಇಲ್ಲದೆ ಬಂದರೆ ಅದು ಶಾರ್ಟ್ ಬ್ಲಾಕ್. ಹಾಫ್ ಎಂಜಿನ್ ಎಂದೂ ಕರೆಯುತ್ತಾರೆ. ಮ್ಯಾನಿಫೋಲ್ಡ್, ಟರ್ಬೊ, ಇಂಜೆಕ್ಟರ್, ಆಲ್ಟರ್ನೇಟರ್, ಆಯಿಲ್ ಕೂಲರ್ ಮುಂತಾದವು ಸಾಮಾನ್ಯವಾಗಿ ಎರಡರಲ್ಲೂ ಇರುವುದಿಲ್ಲ. ಅವನ್ನು ಹಳೆಯದರಿಂದ ಬಿಚ್ಚಿ ಹಾಕಬೇಕಾಗುತ್ತದೆ. ನಾನು ಕೆಟ್ಟದ್ದು ಆ ಆಯಿಲ್ ಕೂಲರಿನಿಂದ.

ಕೂಲರಿನೊಳಗೆ ತೆಳು ತಗಡಿನ ಪದರಗಳ ಒಂದು ಬದಿಯಲ್ಲಿ ಆಯಿಲ್, ಇನ್ನೊಂದು ಬದಿಯಲ್ಲಿ ಕೂಲಂಟ್ ಹರಿಯುತ್ತದೆ. ಬೇರಿಂಗ್ ಕಿತ್ತಾಗ ಉದುರಿದ ಚೂರುಗಳು ಆಯಿಲಿನೊಂದಿಗೆ ಸುತ್ತಿ ಆ ಇಕ್ಕಟ್ಟಿನ ಹಾದಿಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಮೆಕ್ಯಾನಿಕ್ ಅದನ್ನು ದ್ರಾವಕದಿಂದ ತೊಳೆದು, ಗಾಳಿ ಊದಿ, ಹೊರಬಂದ ದ್ರಾವಕ ತಿಳಿಯಾಗಿರುವುದನ್ನು ನನಗೆ ತೋರಿಸಿದರು. ಹೊಸ ಕೂಲರಿನ ಖರ್ಚು ಉಳಿಯಿತೆಂದು ನಾನು ಒಪ್ಪಿದೆ. ಆದರೆ ಪದರದ ಮೂಲೆಯಲ್ಲಿ ಕುಳಿತ ಚೂರು ಒಮ್ಮೆ ತೊಳೆದ ಮಾತ್ರಕ್ಕೆ ಬರುವುದಿಲ್ಲ. ಎಂಜಿನ್ ಓಡಿ, ಆಯಿಲ್ ಕಾದು, ಒತ್ತಡಕ್ಕೂ ಅದುರುವಿಕೆಗೂ ಸಿಕ್ಕಿ ಅದು ನಿಧಾನವಾಗಿ ಸಡಿಲುತ್ತದೆ. ಫಿಲ್ಟರ್ ಇರುವುದು ಮತ್ತೇಕೆ ಎಂದು ನೀವು ಕೇಳಬಹುದು, ನಾನೂ ಕೇಳಿದ್ದೆ. ಕೆಲವು ಎಂಜಿನ್‌ಗಳಲ್ಲಿ ಆಯಿಲ್ ಮೊದಲು ಫಿಲ್ಟರನ್ನು ದಾಟಿ ನಂತರ ಕೂಲರಿಗೆ ಹೋಗುತ್ತದೆ, ಆದ್ದರಿಂದ ಕೂಲರಿನಿಂದ ಹೊರಟ ಚೂರಿಗೆ ಬೇರಿಂಗಿನವರೆಗೂ ತಡೆಯೇ ಇರುವುದಿಲ್ಲ. ಫಿಲ್ಟರ್ ಕೂಲರಿನ ನಂತರ ಇದ್ದರೂ, ಆಯಿಲ್ ತಣ್ಣಗಾಗಿ ಮಂದವಾಗಿರುವಾಗ ಬೈಪಾಸ್ ವಾಲ್ವ್ ತೆರೆದು ಸೋಸದ ಆಯಿಲನ್ನೇ ಮುಂದಕ್ಕೆ ಬಿಡಬಲ್ಲದು. ಬೇರಿಂಗಿಗೂ ಕ್ರ್ಯಾಂಕಿಗೂ ನಡುವಿನ ಸಂದು ಮಿಲಿಮೀಟರಿನ ನೂರನೇ ಭಾಗಗಳಲ್ಲಿ ಅಳೆಯುವಷ್ಟು ಕಿರಿದು. ಅಲ್ಲಿ ಕಣ್ಣಿಗೆ ಕಾಣದ ಚೂರೂ ಗೀರು ಹಾಕುತ್ತದೆ.

ಹೊಸ ಕೂಲರ್ ಹಾಕಿದ ರಸೀದಿ ಇಲ್ಲದಿದ್ದರೆ ವಾರಂಟಿ ಅನ್ವಯಿಸದು ಎಂದು ಮಾರಾಟಗಾರರು ಕೊಟ್ಟ ಪತ್ರದಲ್ಲಿ ಸ್ಪಷ್ಟವಾಗಿಯೇ ಇತ್ತು. ಅವರನ್ನು ದೂರುವಂತಿಲ್ಲ. ಒಂದು ವೇಳೆ ಅವರು ಒಪ್ಪಿದ್ದರೂ ಆ ವಾರಂಟಿ ಎಂಜಿನ್ನಿಗೆ ಮಾತ್ರವಿತ್ತು, ಇಳಿಸಿ ಏರಿಸುವ ಕೂಲಿಗಿರಲಿಲ್ಲ. ಆ ಕೂಲಿ ಸಣ್ಣ ಮೊತ್ತವೇನೂ ಆಗಿರುವುದಿಲ್ಲ.

ಇನ್ನು ನಿಮ್ಮ ಮೂರು ಹೆಸರುಗಳು. ರೀಬಿಲ್ಟ್ ಎಂದರೆ ಬಿಚ್ಚಿ, ಸವೆದದ್ದನ್ನು ಬದಲಿಸಿ, ಮಿತಿಯೊಳಗಿರುವುದನ್ನು ಹಾಗೆಯೇ ಉಳಿಸಿಕೊಂಡ ಎಂಜಿನ್. ಅದರ ಗುಣ ಬಿಚ್ಚಿದ ಕೈಯನ್ನು ಅವಲಂಬಿಸಿದೆ. ರೀಮ್ಯಾನುಫ್ಯಾಕ್ಚರ್ಡ್ ಎಂದರೆ ಪ್ರತಿ ಭಾಗವನ್ನೂ ಅಳೆದು, ಸವೆದ ಸಿಲಿಂಡರನ್ನು ಬೋರ್ ಮಾಡಿ (ಒಳಗೋಡೆಯನ್ನು ಕೊರೆದು ಸರಿಪಡಿಸಿ), ಕ್ರ್ಯಾಂಕ್ ಗ್ರೈಂಡ್ ಮಾಡಿ (ಮೇಲ್ಮೈಯನ್ನು ಅರೆದು ನಯಗೊಳಿಸಿ), ತಯಾರಕರ ಮೂಲ ಗುಣಮಟ್ಟಕ್ಕೆ ಸಮನಾಗಿ ತಂದದ್ದು. ಆದರೆ ಈ ಹೆಸರುಗಳನ್ನು ಸಡಿಲವಾಗಿ ಬಳಸುವವರೂ ಇದ್ದಾರೆ. ಯಾವ ಭಾಗಗಳು ಹೊಸವು ಎಂಬ ಪಟ್ಟಿಯನ್ನು ಬರಹದಲ್ಲಿ ಕೊಡದವರಿಂದ ಕೊಳ್ಳಲೇಬೇಡಿ. ಅಂಥ ಕಾಗದವಿಲ್ಲದ ರೀಬಿಲ್ಟ್‌ಗಿಂತ, ಎಂಜಿನ್ ಕೋಡ್ (ಎಂಜಿನ್ನಿನ ಮಾದರಿ ಸೂಚಿಸುವ ಗುರುತು) ಹೊಂದಿಕೆಯಾಗಿ ಪ್ರತಿ ಸಿಲಿಂಡರಿನ ಕಂಪ್ರೆಷನ್ ಅಂಕಿಯೂ (ಸಿಲಿಂಡರ್ ಎಷ್ಟು ಒತ್ತಡ ಹಿಡಿಯುತ್ತದೆ ಎಂಬ ಅಳತೆ) ಕೈಗೆ ಸಿಗುವ ಸೆಕೆಂಡ್ ಹ್ಯಾಂಡ್ ಎಂಜಿನ್ನೇ ಮೇಲು ಎನ್ನುತ್ತೇನೆ, ಹಲವು ಮೆಕ್ಯಾನಿಕ್‌ಗಳು ಇದನ್ನು ಒಪ್ಪದಿದ್ದರೂ.

ಬೆಲೆ ಹೋಲಿಸುವಾಗ ಕೋರ್ ಠೇವಣಿಯನ್ನು ಬೇರೆಯಾಗಿ ಕೇಳಿ. ಹಳೆಯ ಎಂಜಿನ್ ಹಿಂದಿರುಗಿಸಿದಾಗ ಮರಳಿ ಸಿಗುವ ಹಣ ಅದು. ರಾಡ್ ಮುರಿದು ಬ್ಲಾಕಿನಲ್ಲಿ ತೂತಾಗಿದ್ದರೆ ಅದು ಕಡಿತವಾಗಬಹುದು ಅಥವಾ ಪೂರ್ತಿ ಹೋಗಬಹುದು. ಹಣ ಕಟ್ಟುವ ಮೊದಲೇ ನಿಮ್ಮ ಬ್ಲಾಕಿನ ಫೋಟೋ ಕಳುಹಿಸಿ, ಎಷ್ಟು ಮರಳಿಸುತ್ತಾರೆಂದು ಬರೆಸಿಕೊಳ್ಳಿ.