ಜಗಳ ಎಲ್ಲಿ ಪ್ರೀತಿಯಾಗಬೇಕು?

ಪ್ರಶ್ನೆ: ನನ್ನ ಕಾದಂಬರಿಯ ನಾಯಕಿ ಹುಬ್ಬಳ್ಳಿಯ ಬ್ಯಾಂಕೊಂದರಲ್ಲಿ ಗುಮಾಸ್ತೆ, ನಾಯಕ ಅಲ್ಲಿಗೆ ವರ್ಗವಾಗಿ ಬಂದ ಮ್ಯಾನೇಜರ್. ವೃದ್ಧ ರೈತರೊಬ್ಬರ ಸಾಲದ ಅರ್ಜಿಯನ್ನು ಅವನು ತಿರಸ್ಕರಿಸಿದಾಗ ಎಲ್ಲರೆದುರೇ ಇಬ್ಬರಿಗೂ ಜಗಳವಾಗುತ್ತದೆ. ಆರನೆಯ ಅಧ್ಯಾಯದಲ್ಲಿ ಅವನು ಅವಳನ್ನು ಅಪಘಾತದಿಂದ ಪಾರುಮಾಡುತ್ತಾನೆ. ಅಲ್ಲಿಂದ ಪ್ರೀತಿ ಶುರು. ಹಸ್ತಪ್ರತಿ ಓದಿದವರೆಲ್ಲ ‘ನಂಬಲಾಗದು’ ಎನ್ನುತ್ತಾರೆ. ಇಬ್ಬರ ಭೇಟಿಯ ಸನ್ನಿವೇಶಗಳನ್ನು ಹೆಚ್ಚಿಸಲೇ?
— ಓದುಗರೊಬ್ಬರು, ಧಾರವಾಡ

ಉತ್ತರ: ಹೆಚ್ಚಿಸಿದರೆ ಪುಟಗಳು ಬೆಳೆದಾವು, ಅಷ್ಟೆ. ಪ್ರಾಣ ಉಳಿಸಿದವನ ಮೇಲೆ ಕೃತಜ್ಞತೆ ಹುಟ್ಟುವುದು ಸಹಜವೇ ಆದರೂ, ಅವನು ಕರುಣೆಯಿಲ್ಲದವನೆಂದು ನಿಮ್ಮ ನಾಯಕಿ ಎರಡನೆಯ ಅಧ್ಯಾಯದಲ್ಲಿ ಮಾಡಿದ ತೀರ್ಮಾನ ಅಪಘಾತದ ನಂತರವೂ ಹಾಗೆಯೇ ಉಳಿದಿದೆ. ಓದುಗರಿಗೆ ಅದು ನೆನಪಿರುತ್ತದೆ. ಅವಳು ಮಾತ್ರ ಮರೆತಂತೆ ಕಾಣುತ್ತಾಳೆ.

ಜೇನ್ ಆಸ್ಟಿನ್ 1813ರಲ್ಲಿ ಪ್ರಕಟಿಸಿದ ‘ಪ್ರೈಡ್ ಅಂಡ್ ಪ್ರೆಜುಡಿಸ್’ ಇದೇ ಕಗ್ಗಂಟನ್ನು ಬಿಡಿಸಿದ ರೀತಿಯನ್ನು ಗಮನಿಸಿ. 61 ಅಧ್ಯಾಯಗಳ ಆ ಕಾದಂಬರಿಯಲ್ಲಿ ನಾಯಕ ಡಾರ್ಸಿ ಮೊದಲ ಬಾರಿ ಮದುವೆಯ ಮಾತೆತ್ತುವುದು 34ನೆಯದರಲ್ಲಿ. ಅದೂ ನಾಯಕಿ ಎಲಿಜಬೆತ್‌ಳ ಮನೆತನವನ್ನು ಹೀಗಳೆಯುತ್ತಲೇ. ಅವಳು ಸಾರಾಸಗಟಾಗಿ ನಿರಾಕರಿಸುತ್ತಾಳೆ. ಮರುದಿನ ಅವನು ಕೊಟ್ಟ ಪತ್ರವನ್ನು ಮೊದಲು ಸಿಟ್ಟಿನಿಂದಲೂ ಆಮೇಲೆ ಒಂದೊಂದೇ ವಾಕ್ಯವನ್ನು ತೂಗಿನೋಡುತ್ತಲೂ ಓದುವಾಗ, ಡಾರ್ಸಿಯ ಮೇಲೆ ದೂರು ಹೇಳಿದ್ದ ವಿಕಮ್ ಆಗತಾನೇ ಪರಿಚಯವಾದ ತನ್ನ ಮುಂದೆ ಅಷ್ಟೆಲ್ಲ ಮನೆಯ ಗುಟ್ಟು ಬಿಚ್ಚಿದ್ದೇ ಅನುಚಿತವಾಗಿತ್ತೆಂದು ಅವಳಿಗೆ ಹೊಳೆಯುತ್ತದೆ. ಆ ಸಂಭಾಷಣೆಯನ್ನು ನಾವು 16ನೆಯ ಅಧ್ಯಾಯದಲ್ಲೇ ಓದಿರುತ್ತೇವೆ. ಸಾಕ್ಷ್ಯ ನಮ್ಮ ಕೈಯಲ್ಲೇ ಇದ್ದರೂ ಅವಳಂತೆ ನಾವೂ ಏಮಾರಿರುತ್ತೇವೆ. (ಲೇಖಕಿಯ ಜಾಣತನಕ್ಕೆ ನನಗೆ ಇಂದಿಗೂ ಹೊಟ್ಟೆಕಿಚ್ಚು.) ಇಷ್ಟಾದರೂ ಅವಳಿಗೆ ಅವನ ಮೇಲೆ ಪ್ರೀತಿ ಹುಟ್ಟುವುದಿಲ್ಲ. ಅದಕ್ಕೆ ಡಾರ್ಸಿಯ ಎಸ್ಟೇಟಾದ ಪೆಂಬರ್ಲಿಯಲ್ಲಿ ಅವನು ಎದುರಿಗಿಲ್ಲದಾಗ ಅವನ ಮನೆವಾರ್ತೆ ನೋಡುವ ಹೆಂಗಸು ಅವನ ಒಳ್ಳೆಯತನವನ್ನು ಹೊಗಳಬೇಕು. ಹಿಂದೆ ಅವಳ ಬಂಧುಬಳಗವನ್ನು ಕೀಳಾಗಿ ಕಂಡವನೇ ವ್ಯಾಪಾರಿಯಾದ ಅವಳ ಸೋದರಮಾವನನ್ನು ತನ್ನ ಹೊಳೆಯಲ್ಲಿ ಮೀನು ಹಿಡಿಯಲು ಆದರದಿಂದ ಕರೆಯಬೇಕು.

ನಿಮ್ಮ ಕಥೆಯಲ್ಲಿ ಇದಕ್ಕೆ ಬೇಕಾದ ಸಾಮಗ್ರಿ ಆ ಸಾಲದ ಕಡತದಲ್ಲೇ ಇದೆ. ಅರ್ಜಿಯನ್ನು ರೈತನ ಮಗ ತಂದೆಗೆ ಸರಿಯಾಗಿ ತಿಳಿಸದೆ ಬರೆಸಿದ್ದನೆಂದೂ, ಸಾಲ ಮಂಜೂರಾಗಿದ್ದರೆ ಇದ್ದ ಹೊಲವೂ ಕೈಬಿಡುತ್ತಿತ್ತೆಂದೂ ಆರನೆಯ ಅಧ್ಯಾಯದಲ್ಲಿ ನಾಯಕಿಗೆ ಗೊತ್ತಾಗಲಿ. ಆದರೆ ಅಂದು ಕೌಂಟರಿನ ಮುಂದೆ ಮುದುಕ ಬಾಯಿ ತೆರೆಯುವ ಮೊದಲೇ ಮಗ ಉತ್ತರಿಸುತ್ತಿದ್ದುದನ್ನು ಎರಡನೆಯ ಅಧ್ಯಾಯದಲ್ಲೇ ಒಂದು ಸಾಲಿನಲ್ಲಿ ಬರೆದಿಡಿ. ಎಲ್ಲರೆದುರು ಆಡಿದ ಮಾತನ್ನು ಅವಳು ಎಲ್ಲರೆದುರೇ ಹಿಂತೆಗೆದುಕೊಳ್ಳಬೇಕಾದ ಸಂಕಟಕ್ಕೆ ಪುಟಗಳನ್ನು ಧಾರಾಳವಾಗಿ ಕೊಡಿ. ಮ್ಯಾನೇಜರ್‌ನದು ಮಾತ್ರ ಪೂರ್ತಿ ಸರಿಯೆಂದು ತೋರಿಸಬೇಡಿ. ಕಾರಣವನ್ನು ವಿವರಿಸದೆ ಮುದುಕನನ್ನು ಗದರಿಸಿ ಕಳಿಸಿದ್ದು ಅವನ ತಪ್ಪು, ಮುಂದಿನ ಅರ್ಜಿದಾರರೊಡನೆ ಅವನು ಕುಳಿತು ಮಾತನಾಡುವುದು ಅವಳ ಕಣ್ಣಿಗೆ ಬೀಳಲಿ. ಅಪಘಾತವನ್ನು ಕೈಬಿಟ್ಟರೂ ನಡೆಯುತ್ತದೆ.